ಬೇಕಿನ ಬಾಲ ಹಿಡಿದು ಇಂಗ್ಲಿಷಿಗೆ: ಮಸ್ಟ್, ಹ್ಯಾವ್ ಟು, ಶುಡ್ ಬಳಕೆಯ ಸಮಗ್ರ ಮಾರ್ಗದರ್ಶಿ

ಕೆಲಸಕ್ಕೆ ಸೇರಿದ ಮೊದಲ ವರ್ಷ ಅಕ್ಕನ ಮದುವೆಗೆ ನನಗೆ ಮೂರು ದಿನ ರಜೆ ಬೇಕಿತ್ತು. ಅರ್ಜಿ ಇಂಗ್ಲಿಷಿನಲ್ಲೇ ಆಗಬೇಕು ಎಂದರು. ಕೇರಳದ ಗಡಿಜಿಲ್ಲೆ ಕಾಸರಗೋಡಿನ ಬದಿಯಡ್ಕದ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಮೊದಲು ಕನ್ನಡದಲ್ಲಿ ಬರೆದುಕೊಂಡೆ: ‘ದಯವಿಟ್ಟು ಮೂರು ದಿನಗಳ ರಜೆ ಮಂಜೂರು ಮಾಡಬೇಕಾಗಿ ವಿನಂತಿ.’ ಆಮೇಲೆ ಒಂದೊಂದೇ ಪದವನ್ನು ಇಂಗ್ಲಿಷಿಗೆ ತಿರುಗಿಸಿದೆ. ‘ಬೇಕು’ ಬಂದಲ್ಲಿ ‘ಮಸ್ಟ್’ ಹಾಕಬೇಕು ಎಂದು ಬಾಯಿಪಾಠ ಆಗಿತ್ತಲ್ಲ! ‘ಯು ಮಸ್ಟ್ ಕೈಂಡ್ಲಿ ಸ್ಯಾಂಕ್ಷನ್ ಮಿ ತ್ರೀ ಡೇಸ್ ಲೀವ್.’

ಮೇಲಧಿಕಾರಿ ಕರೆಸಿದರು. ‘ಮಸ್ಟ್’ ಕೆಳಗೆ ಕೆಂಪು ಶಾಯಿಯ ಎರಡು ಗೆರೆ. ಕನ್ನಡಕದ ಮೇಲಿಂದ ನೋಡಿ ‘ಮಸ್ಟ್ ಐ?’ ಅಂತ ಕೇಳಿದರು. ನಾನು ಕೈಕಟ್ಟಿ ನಿಂತವನು ‘ಎಸ್ ಸರ್’ ಅಂದೆ. ಅವರು ನಕ್ಕುಬಿಟ್ಟರು.

ರಜೆ ಸಿಕ್ಕಿತು. ಅವರು ಯಾಕೆ ನಕ್ಕರು ಅಂತ ತಿಳಿಯಲು ಮಾತ್ರ ಇನ್ನೂ ಕೆಲವು ವರ್ಷ ಹಿಡಿಯಿತು. ಈಗ ಸಂಜೆ ಹೊತ್ತು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಗಲ್ಫಿಗೆ ಹೊರಟ ಹುಡುಗರು, ನರ್ಸಿಂಗ್ ಮುಗಿಸಿದ ಹುಡುಗಿಯರು, ಬ್ಯಾಂಕಿಗೆ ಪತ್ರ ಬರೆಯಲು ಕಲಿಯಬೇಕೆನ್ನುವ ಕೃಷಿಕರು, ಎಲ್ಲರೂ ಬರುತ್ತಾರೆ. ಎಲ್ಲರೂ ಎಡವುವುದು ನಾನು ಎಡವಿದಲ್ಲೇ. ಕನ್ನಡದ ಒಂದು ‘ಬೇಕು’ ಇಂಗ್ಲಿಷಿನಲ್ಲಿ ಏಳೆಂಟು ಕಡೆ ಹಂಚಿಹೋಗಿದೆ. ಯಾವಾಗ ಯಾವುದು ಎಂದು ತಿಳಿಯಲು ಗ್ರಾಮರ್ ಪುಸ್ತಕ ಬಿಡಿಸುವ ಮೊದಲು ನಿಮ್ಮ ಕನ್ನಡ ವಾಕ್ಯವನ್ನೇ ಸರಿಯಾಗಿ ನೋಡಿ. ‘ಬೇಕು’ ಎಂಬುದಕ್ಕೆ ಒಂದು ಬಾಲ ಇರುತ್ತದೆ: ಬೇಕಾಯಿತು, ಬೇಕಿತ್ತು, ಬೇಕಾಗಿಲ್ಲ, ಲೇಬೇಕು. ಯಾವ ಇಂಗ್ಲಿಷ್ ಪದ ಎಂದು ಆ ಬಾಲವೇ ಹೇಳುತ್ತದೆ.

ಮೊದಲ ಹೆಜ್ಜೆ: ‘ಬೇಕು’ವಿನ ಹಿಂದೆ ಏನಿದೆ ನೋಡಿ

‘ನನಗೆ ಚಾ ಬೇಕು’, ‘ನನಗೆ ಒಂದು ಫಾರ್ಮ್ ಬೇಕು’. ಇಲ್ಲಿ ಬೇಕಿನ ಹಿಂದೆ ಇರುವುದು ವಸ್ತು. ಇಂಥಲ್ಲಿ ಮಸ್ಟ್, ಹ್ಯಾವ್ ಟು ಎರಡಕ್ಕೂ ಪ್ರವೇಶವಿಲ್ಲ. ಇಷ್ಟಪಟ್ಟು ಕೇಳುವುದಾದರೆ ‘ವಾಂಟ್’, ಇಲ್ಲದೆ ಆಗದು ಎಂದಾದರೆ ‘ನೀಡ್’. ‘ಐ ನೀಡ್ ಎ ಫಾರ್ಮ್.’ ಕೌಂಟರಿನಲ್ಲಿ ನಿಂತು ‘ಐ ವಾಂಟ್ ಎ ಫಾರ್ಮ್’ ಅಂದರೆ ತಪ್ಪಲ್ಲ, ಆದರೆ ಒರಟು. ‘ಕುಡ್ ಐ ಹ್ಯಾವ್ ಎ ಫಾರ್ಮ್, ಪ್ಲೀಸ್?’ ಅಂದುಬಿಟ್ಟರೆ ಕೆಲಸ ಬೇಗ ಆಗುತ್ತದೆ.

ನಮ್ಮ ಅಂಗಡಿ ಮಾತಿನಲ್ಲಿ ‘ಹೆಲ್ಮೆಟ್ ಮಸ್ಟ್’, ‘ಆಧಾರ್ ಮಸ್ಟ್’ ಎಂಬುದು ಕನ್ನಡವೇ ಆಗಿಹೋಗಿದೆ. ಇಂಗ್ಲಿಷಿನಲ್ಲಿ ಹೇಳುವಾಗ ‘ಎ ಹೆಲ್ಮೆಟ್ ಇಸ್ ಎ ಮಸ್ಟ್’ ಎನ್ನಿ, ಆ ಎರಡನೆಯ ‘ಎ’ ಬಿಡಬೇಡಿ.

ಹಿಂದೆ ಕ್ರಿಯಾಪದ ಇದ್ದರೆ, ಅಂದರೆ ಹೋಗಬೇಕು, ಕೊಡಬೇಕು, ಬರೆಯಬೇಕು ಎಂದಿದ್ದರೆ, ವಾಕ್ಯದ ತಲೆಯಲ್ಲಿ ‘ನಾನು’ ಇದೆಯೋ ‘ನನಗೆ’ ಇದೆಯೋ ನೋಡಿ. ‘ನಾನು ಹೋಗಬೇಕು’ ಎಂಬಲ್ಲಿ ಕಟ್ಟು ಇದೆ. ‘ನನಗೆ ಹೋಗಬೇಕು’ ಎಂಬಲ್ಲಿ ಬಹಳ ಸಲ ಆಸೆ ಇದೆ. ತೊಂದರೆ ಏನೆಂದರೆ ನಮ್ಮ ಕಡೆ ಎರಡಕ್ಕೂ ‘ನಂಗೆ ಹೋಗ್ಬೇಕು’ ಅಂದುಬಿಡುತ್ತೇವೆ. ಮಲಯಾಳದ ‘ಎನಿಕ್ಕ್ ಪೋಣಂ’, ತುಳುವಿನ ‘ಎಂಕ್ ಪೋವೊಡು’ ಪಕ್ಕದಲ್ಲೇ ಇರುವಾಗ ಇದು ಆಶ್ಚರ್ಯವಲ್ಲ. ಹೀಗಾಗಿ ‘ನಂಗೆ ನಾಳೆ ಆಸ್ಪತ್ರೆಗೆ ಹೋಗ್ಬೇಕು’ ಎಂಬುದು ‘ಐ ವಾಂಟ್ ಟು ಗೋ ಟು ದ ಹಾಸ್ಪಿಟಲ್’ ಆಗಿ ಹೊರಬರುತ್ತದೆ, ಜಾತ್ರೆಗೆ ಹೋಗುವ ಉತ್ಸಾಹದಲ್ಲಿ. ಬೇಕಾದದ್ದು ‘ಐ ಹ್ಯಾವ್ ಟು ಗೋ’. ನಿಮಗೇ ಸಂಶಯ ಬಂದರೆ ಒಂದು ಪ್ರಶ್ನೆ ಹಾಕಿಕೊಳ್ಳಿ: ಬೇಡ ಅಂತ ತೋರಿದರೆ ಬಿಡಬಹುದೇ? ಬಿಡಬಹುದಾದರೆ ವಾಂಟ್. ಬಿಡಲಾಗದಿದ್ದರೆ ಮುಂದಿನ ಹೆಜ್ಜೆಗೆ ಬನ್ನಿ.

ಎರಡನೆಯ ಹೆಜ್ಜೆ: ‘ಹ್ಯಾವ್ ಟು’ ಅಂದರೆ ನಮ್ಮ ‘ಹೋಗ್ಲಿಕ್ಕುಂಟು’

ಸಂಶಯ ಬಂದಾಗೆಲ್ಲ ಮಸ್ಟ್ ಹಾಕುವ ಚಾಳಿಯನ್ನು ಇವತ್ತೇ ಬಿಟ್ಟು, ಸಂಶಯ ಬಂದಾಗೆಲ್ಲ ‘ಹ್ಯಾವ್ ಟು’ ಹಾಕಿ. ದಿನದ ಮಾತಿನಲ್ಲಿ ಹೆಚ್ಚಿನ ಸಲ ಅದೇ ಸರಿಯಾಗುತ್ತದೆ.

ಕಾಸರಗೋಡಿನವರಿಗೆ ಇಲ್ಲಿ ಒಂದು ಲಾಭವಿದೆ, ಅದು ಧಾರವಾಡದವರಿಗಿಲ್ಲ. ನಾವು ‘ನಾಳೆ ಮಂಗಳೂರಿಗೆ ಹೋಗ್ಲಿಕ್ಕುಂಟು’ ಅನ್ನುತ್ತೇವಲ್ಲ, ಅದನ್ನು ಸ್ವಲ್ಪ ಬಿಡಿಸಿ ನೋಡಿ. ‘ನನಗೆ ಒಂದು ಎಕ್ರೆ ತೋಟ ಉಂಟು’ ಅಂದರೆ ‘ಐ ಹ್ಯಾವ್ ಆನ್ ಏಕರ್ ಆಫ್ ಲ್ಯಾಂಡ್’. ‘ನನಗೆ ಹೋಗ್ಲಿಕ್ಕೆ ಉಂಟು’ ಅಂದರೆ ‘ಐ ಹ್ಯಾವ್ ಟು ಗೋ’. ಉಂಟು ಎಂದರೆ ಹ್ಯಾವ್, ಲಿಕ್ಕೆ ಎಂದರೆ ಟು. ಅಚ್ಚು ಒಂದೇ. ತರಗತಿಯಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದ ದಿನ ಪೆರ್ಲ ಕಡೆಯ ಒಬ್ಬ ಹುಡುಗ ‘ಹಾಗಾದ್ರೆ ಮಾಷ್ಟ್ರೇ, ನಾವು ಇಷ್ಟು ದಿನ ಇಂಗ್ಲಿಷೇ ಮಾತಾಡ್ತಿದ್ದದ್ದಾ?’ ಅಂತ ಕೇಳಿದ.

ಒಂದೇ ಎಚ್ಚರ. ‘ಹೋಗ್ಲಿಕ್ಕಿಲ್ಲ’ ಎಂಬ ನಕಾರವನ್ನು ಹೀಗೆ ನೇರ ತಿರುಗಿಸಬೇಡಿ. ನಮ್ಮಲ್ಲಿ ಅದಕ್ಕೆ ಹೋಗುವ ಕೆಲಸವಿಲ್ಲ, ಹೋಗಬಾರದು, ಬಹುಶಃ ಹೋಗುವುದಿಲ್ಲ ಎಂಬ ಮೂರೂ ಅರ್ಥ ಇದೆ.

ಹ್ಯಾವ್ ಟು ಒಂದು ಮಾಮೂಲಿ ಕ್ರಿಯಾಪದದ ಹಾಗೆ ನಡೆಯುತ್ತದೆ. ಅವನು, ಅವಳು, ಅದು ಎಂದರೆ ‘ಹ್ಯಾಸ್ ಟು’. ನಿನ್ನೆಗೆ ‘ಹ್ಯಾಡ್ ಟು’. ನಾಳೆಗೆ ‘ವಿಲ್ ಹ್ಯಾವ್ ಟು’, ಅದು ನಮ್ಮ ‘ಹೋಗಬೇಕಾಗುತ್ತದೆ’. ಬದಿಯಡ್ಕದಿಂದ ಮಂಗಳೂರಿಗೆ ಹೊರಟವರಿಗೆ ನೇರ ಬಸ್ ಸಿಗದಿದ್ದರೆ ‘ಯು ವಿಲ್ ಹ್ಯಾವ್ ಟು ಚೇಂಜ್ ಬಸಸ್ ಅಟ್ ಕುಂಬಳೆ’. ಪ್ರಶ್ನೆಗೆ ಡು, ಡಸ್, ಡಿಡ್ ಮುಂದೆ ಬರಬೇಕು: ‘ಡಸ್ ಶಿ ಹ್ಯಾವ್ ಟು ಸೈನ್?’ ಡಸ್ ಬಂದ ಮೇಲೆ ಹ್ಯಾಸ್ ಇಲ್ಲ, ಡಿಡ್ ಬಂದ ಮೇಲೆ ಹ್ಯಾಡ್ ಇಲ್ಲ. ‘ಡಿಡ್ ಯು ಹ್ಯಾಡ್ ಟು’ ಎಂಬುದು ನನ್ನ ತರಗತಿಯಲ್ಲಿ ವಾರಕ್ಕೆ ಎರಡು ಸಲವಾದರೂ ಕೇಳಿಬರುತ್ತದೆ.

ಉಚ್ಚಾರದ ಮಾತು: ಬರೆಯುವುದು ಹ್ಯಾವ್, ವೇಗದ ಮಾತಿನಲ್ಲಿ ಕಿವಿಗೆ ಬೀಳುವುದು ‘ಹ್ಯಾಫ್ಟು’. ಹ್ಯಾಸ್ ಟು ‘ಹ್ಯಾಸ್ಟು’ ಆಗುತ್ತದೆ. ಫೋನ್ ಇಂಟರ್‌ವ್ಯೂನಲ್ಲಿ ಆಚೆಯವರು ‘ಯು ಹ್ಯಾಫ್ಟು’ ಅಂದಾಗ ‘ಹಾಫ್’ ಏನೋ ಅಂತ ತಬ್ಬಿಬ್ಬಾಗಬೇಡಿ. ‘ಐವ್ ಗಾಟ್ ಟು’ ಎಂಬುದೂ ಇದೇ ಅರ್ಥದ್ದು, ಮಾತಿಗಷ್ಟೇ ಸರಿ, ಪತ್ರದಲ್ಲಿ ಬೇಡ.

ಮೂರನೆಯ ಹೆಜ್ಜೆ: ‘ಲೇಬೇಕು’ ಇದ್ದರೆ ಮಾತ್ರ ಮಸ್ಟ್

ಹಾಗಾದರೆ ಮಸ್ಟ್ ಎಲ್ಲಿ? ಒತ್ತಡ ಎಲ್ಲಿಂದ ಬರುತ್ತಿದೆ ಎಂದು ನೋಡಿ. ಹೊರಗಿನಿಂದ, ಅಂದರೆ ಕಾನೂನು, ಬಸ್ಸಿನ ಸಮಯ, ಡಾಕ್ಟರ ಚೀಟಿ, ಮೇಲಿನವರ ಆಜ್ಞೆಯಿಂದ ಬಂದರೆ ಮಾತಿನಲ್ಲಿ ಹ್ಯಾವ್ ಟು. ಹೇಳುವವನೇ ಒತ್ತಿ ಹೇಳುತ್ತಿದ್ದರೆ, ಕನ್ನಡದಲ್ಲಿ ‘ಲೇ’ ಸೇರಿದ್ದರೆ, ಮಸ್ಟ್. ‘ಈ ಸಲ ಬರಲೇಬೇಕು’ ಎಂಬುದು ‘ಯು ಮಸ್ಟ್ ಕಮ್ ದಿಸ್ ಟೈಮ್’. ಇದು ನಿಯಮ ಅನ್ನುವುದಕ್ಕಿಂತ ಒಲವು. ಎರಡೂ ಸರಿಯಾಗುವ ವಾಕ್ಯಗಳು ಬೇಕಾದಷ್ಟಿವೆ. ಆದರೆ ಒಲವು ತಿಳಿದವನ ಇಂಗ್ಲಿಷ್ ಕೇಳಲು ಹಿತ.

ಮಸ್ಟ್ ಯಾವಾಗಲೂ ಒರಟಲ್ಲ. ಮನೆಗೆ ಬಂದ ಅತಿಥಿಗೆ ‘ಯು ಮಸ್ಟ್ ಟ್ರೈ ಅವರ್ ಪತ್ರೊಡೆ’ ಅಂದರೆ ಅದು ಉಪಚಾರ, ‘ತಿನ್ನಲೇಬೇಕು ಮಾರಾಯ್ರೆ’ ಎಂಬ ದನಿ. ಕೇಳುವವನಿಗೆ ಲಾಭವಾಗುವ ಮಾತಿಗೆ ಮಸ್ಟ್ ಹಾಕಿದರೆ ಆದರ. ಹೇಳುವವನಿಗೆ ಲಾಭವಾಗುವ ಮಾತಿಗೆ ಹಾಕಿದರೆ ಅಪ್ಪಣೆ. ನನ್ನ ರಜೆ ಅರ್ಜಿ ಎರಡನೆಯ ಜಾತಿಯದ್ದು.

ಮಸ್ಟ್‌ಗೆ ಹೊಂದುವ ಇನ್ನೊಂದು ಜಾಗ ಬರೆದ ನಿಯಮ, ಸೂಚನಾ ಫಲಕ. ಇನ್ನೂ ಬಿಗಿಯಾದ ಸರ್ಕಾರಿ ಕಾಗದದಲ್ಲಿ, ಕರಾರು ಪತ್ರದಲ್ಲಿ ‘ಶ್ಯಾಲ್’ ಕಾಣುತ್ತೀರಿ. ಅದಕ್ಕೆ ಸರಿಸಾಟಿ ನಮ್ಮ ಕಚೇರಿ ಕನ್ನಡದ ‘ತಕ್ಕದ್ದು’. ‘ಅಭ್ಯರ್ಥಿಯು ಮೂಲ ದಾಖಲೆಗಳನ್ನು ಹಾಜರುಪಡಿಸತಕ್ಕದ್ದು’ ಎಂಬುದು ‘ದ ಕ್ಯಾಂಡಿಡೇಟ್ ಶ್ಯಾಲ್ ಪ್ರೊಡ್ಯೂಸ್ ದ ಒರಿಜಿನಲ್ಸ್’. ಓದಲು ತಿಳಿದಿರಿ ಸಾಕು. ಮನೆಯಲ್ಲಿ ‘ತಕ್ಕದ್ದು’ ಅಂತ ಯಾರು ಮಾತಾಡುತ್ತಾರೆ!

ಮಸ್ಟ್‌ನ ರೂಪ ಸುಲಭ: ಯಾರಿಗಾದರೂ ಅದೇ. ಮಸ್ಟ್ ಆದ ಮೇಲೆ ಟು ಇಲ್ಲ, ಕ್ರಿಯಾಪದಕ್ಕೆ ಎಸ್ ಇಲ್ಲ, ಇಂಗ್ ಇಲ್ಲ. ‘ಹಿ ಮಸ್ಟ್ ಗೋ’ ಅಷ್ಟೇ. ‘ಮಸ್ಟ್ ಟು ಗೋ’, ‘ಮಸ್ಟ್ ಗೋಸ್’ ಎರಡೂ ತಪ್ಪು. ಅದಕ್ಕೆ ಸ್ವಂತ ಭೂತಕಾಲ ಇಲ್ಲದಿರುವುದಕ್ಕೆ ಒಂದು ಕತೆ ಇದೆ. ಹಳೆಯ ಇಂಗ್ಲಿಷಿನಲ್ಲಿ ಮಸ್ಟ್ ಎಂಬುದೇ ಬೇರೊಂದು ಕ್ರಿಯಾಪದದ ಭೂತಕಾಲ ರೂಪವಾಗಿತ್ತು. ತಾಯಿ ಪದ ಸತ್ತುಹೋಯಿತು, ಭೂತರೂಪ ವರ್ತಮಾನದಲ್ಲಿ ಬಂದು ಕೂತಿತು. ಹಾಗಾಗಿ ‘ನಿನ್ನೆ ಹೋಗಬೇಕಾಯಿತು’ ಎನ್ನಲು ಮಸ್ಟ್ ಕೈಕೊಡುತ್ತದೆ, ಹ್ಯಾಡ್ ಟು ಬಂದು ಕೆಲಸ ಮುಗಿಸುತ್ತದೆ.

ನಾಲ್ಕನೆಯ ಹೆಜ್ಜೆ: ‘ಬೇಡ’ದಲ್ಲಿ ಇರುವುದು ನಿಜವಾದ ಅಪಾಯ

ಇಷ್ಟು ಹೊತ್ತು ಹೇಳಿದ್ದನ್ನು ತಪ್ಪಿದರೆ ಕೇಳುವವರು ನಗಬಹುದು. ಇಲ್ಲಿ ತಪ್ಪಿದರೆ ಅರ್ಥವೇ ತಲೆಕೆಳಗು. ಹ್ಯಾವ್ ಟು, ಮಸ್ಟ್ ಎರಡೂ ‘ಬೇಕು’ ಎನ್ನುವಾಗ ಅಕ್ಕಪಕ್ಕದವರು. ‘ನಾಟ್’ ಸೇರಿದ ಕೂಡಲೇ ಒಬ್ಬರು ತಲಪಾಡಿ ಗಡಿಯ ಆಚೆ, ಒಬ್ಬರು ಈಚೆ.

‘ಯು ಡೋಂಟ್ ಹ್ಯಾವ್ ಟು ಕಮ್’ ಅಂದರೆ ಬರಬೇಕಾಗಿಲ್ಲ, ಬಂದರೆ ಅಡ್ಡಿಯೂ ಇಲ್ಲ. ‘ಯು ಮಸ್ಟ್ ನಾಟ್ ಕಮ್’ ಅಂದರೆ ಬರಬಾರದು, ಬರಕೂಡದು.

ಒಮ್ಮೆ ಒಂದು ಮನೆಯ ಸಂಗತಿ ಹೀಗಾಯಿತು. ವಯಸ್ಸಾದ ತಂದೆಯನ್ನು ನೋಡಿಕೊಳ್ಳಲು ಕೊಟ್ಟಾಯಂ ಕಡೆಯ ಹೋಂ ನರ್ಸ್ ಒಬ್ಬಳು ಬರುತ್ತಿದ್ದಳು. ಮನೆಯವರಿಗೆ ಮಲಯಾಳ ಅಷ್ಟಕ್ಕಷ್ಟೆ, ಆಕೆಗೆ ಕನ್ನಡ ಇಲ್ಲ, ಹಾಗಾಗಿ ಮೆಸೇಜೆಲ್ಲ ಇಂಗ್ಲಿಷಿನಲ್ಲಿ. ಒಂದು ಭಾನುವಾರ ಮಗಳು ಮನೆಯಲ್ಲೇ ಇರುತ್ತಾಳೆ, ಪಾಪ ಆಕೆಗೂ ಒಂದು ದಿನ ಬಿಡುವಾಗಲಿ ಎಂದು ಮಗ ಬರೆದ: ‘ಯು ಮಸ್ಟ್ ನಾಟ್ ಕಮ್ ಟುಮಾರೋ.’ ನಾಳೆ ಬರಬೇಕಾಗಿಲ್ಲ ಎಂಬುದು ಅವನ ಮನಸ್ಸಿನಲ್ಲಿದ್ದದ್ದು. ಆಕೆ ಭಾನುವಾರವೂ ಬರಲಿಲ್ಲ, ಸೋಮವಾರವೂ ಬರಲಿಲ್ಲ. ಮಂಗಳವಾರ ಫೋನು ಮಾಡಿದರೆ ಅಳುತ್ತಾ ‘ನಾನೇನು ತಪ್ಪು ಮಾಡಿದೆ’ ಅಂತ ಕೇಳಿದಳಂತೆ. ಆ ಮಗ ಆಮೇಲೆ ನನ್ನ ತರಗತಿಗೆ ಸೇರಿದ.

ತಮಾಷೆ ಏನೆಂದರೆ ಈ ವ್ಯತ್ಯಾಸ ನಮಗೆ ಹುಟ್ಟಿನಿಂದಲೇ ಗೊತ್ತು. ಸಪ್ತಭಾಷಾ ಸಂಗಮಭೂಮಿ ಎಂದು ಭಾಷಣದಲ್ಲಿ ಹೇಳಿಕೊಳ್ಳುವ ಊರು ನಮ್ಮದು. ತುಳುವಿನಲ್ಲಿ ‘ಬೊಡ್ಚಿ’ ಬೇರೆ, ‘ಬಲ್ಲಿ’ ಬೇರೆ. ಮಲಯಾಳದಲ್ಲಿ ‘ವೇಂಡ’ ಬೇರೆ, ‘ಪಾಡಿಲ್ಲ’ ಬೇರೆ. ಹವ್ಯಕರ ಮನೆಯಲ್ಲಿ ‘ಬೇಡ’ ಬೇರೆ, ‘ಹೋಪಲಾಗ’ ಎನ್ನುವಾಗಿನ ‘ಆಗ’ ಬೇರೆ. ಕನ್ನಡದಲ್ಲಿ ‘ಬೇಕಾಗಿಲ್ಲ’ ಮತ್ತು ‘ಬಾರದು’. ಇಂಗ್ಲಿಷ್ ವಾಕ್ಯ ಬರೆಯುವ ಮೊದಲು ಅದೇ ಮಾತನ್ನು ಮನಸ್ಸಿನಲ್ಲಿ ತುಳುವಿನಲ್ಲೋ ಮಲಯಾಳದಲ್ಲೋ ಹೇಳಿ ನೋಡಿ. ‘ಬಲ್ಲಿ’, ‘ಪಾಡಿಲ್ಲ’ ಬಂದರೆ ಮಸ್ಟ್ ನಾಟ್. ‘ಬೊಡ್ಚಿ’, ‘ವೇಂಡ’ ಬಂದರೆ ಡೋಂಟ್ ಹ್ಯಾವ್ ಟು. ನಾಲ್ಕು ಭಾಷೆಯ ನಡುವೆ ಬೆಳೆದದ್ದಕ್ಕೆ ಇಷ್ಟಾದರೂ ಪ್ರಯೋಜನ ಬೇಡವೇ?

‘ಬರಬೇಡ’ ಎಂದು ಎದುರಿಗೆ ಹೇಳುವುದಕ್ಕೆ ಎರಡೂ ಬೇಡ, ‘ಡೋಂಟ್ ಕಮ್’ ಸಾಕು. ಉಚ್ಚಾರದಲ್ಲಿ ಮಸ್ಟ್ ನಾಟ್ ಕೂಡಿದಾಗ ನಡುವಿನ ‘ಟ’ ನುಂಗಿಹೋಗಿ ‘ಮಸ್ಸಂಟ್’ ಎಂದು ಕೇಳುತ್ತದೆ.

ಈಗ ಆ ‘ಮಸ್ಟ್ ಐ?’ಗೆ ಬರೋಣ. ‘ನಾನು ಮಾಡಲೇಬೇಕೋ?’ ಎಂದು ನನ್ನ ಮೇಲಧಿಕಾರಿ ಕೇಳಿದ್ದು. ‘ಹಾಗೇನಿಲ್ಲ ಸರ್’ ಎಂದು ಉತ್ತರಿಸಲು ‘ನೋ ಸರ್, ಯು ಡೋಂಟ್ ಹ್ಯಾವ್ ಟು’ ಅಥವಾ ‘ಯು ನೀಡಂಟ್’ ಎನ್ನಬೇಕಿತ್ತು. ‘ನೋ, ಯು ಮಸ್ಸಂಟ್’ ಅಂದಿದ್ದರೆ ‘ಮಂಜೂರು ಮಾಡಕೂಡದು’ ಎಂದಾಗಿ ನನ್ನ ರಜೆಗೆ ನಾನೇ ಕಲ್ಲು ಹಾಕಿಕೊಳ್ಳುತ್ತಿದ್ದೆ. ನಾನು ಅಂದ ‘ಎಸ್ ಸರ್’ ಮಾತ್ರ ‘ಹೌದು, ಮಾಡಲೇಬೇಕು’ ಎಂದಾಯಿತು. ಅವರು ದೊಡ್ಡ ಮನುಷ್ಯ.

ಐದನೆಯ ಹೆಜ್ಜೆ: ಬುದ್ಧಿ ಹೇಳುವ ‘ಬೇಕು’

‘ನೀನು ಸ್ವಲ್ಪ ಓದಬೇಕು ಮಗಾ’ ಎಂಬಲ್ಲಿ ಕಾನೂನೂ ಇಲ್ಲ, ಆಜ್ಞೆಯೂ ಇಲ್ಲ, ಹಿತವಚನ ಇದೆ. ಇದಕ್ಕೆ ‘ಶುಡ್’. ಡಾಕ್ಟರನ್ನು ಕಾಣು ಎಂದು ಗೆಳೆಯನಿಗೆ ಹೇಳಲು ‘ಯು ಶುಡ್ ಸೀ ಎ ಡಾಕ್ಟರ್’. ‘ಆಟ್ ಟು’ ಹೆಚ್ಚುಕಮ್ಮಿ ಅದೇ, ಇಂದಿನ ಮಾತಿನಲ್ಲಿ ಅಪರೂಪ. ಅದರ ಮೂಲ ‘ಸಾಲ ತೀರಿಸಬೇಕಾಗಿರು’ ಎಂಬ ಅರ್ಥದ ‘ಓ’ ಎಂಬ ಕ್ರಿಯಾಪದ ಎಂದು ತಿಳಿದ ಮೇಲೆ ನನಗೆ ಆ ಪದದ ಮೇಲೆ ಪ್ರೀತಿ ಹುಟ್ಟಿತು. ಋಣವೇ ಕರ್ತವ್ಯವಾದ ಕತೆ ನಮಗೆ ಹೊಸದಲ್ಲವಲ್ಲ.

ನರ್ಸಿಂಗ್ ಮುಗಿಸಿ ಹೊರದೇಶಕ್ಕೆ ಪರೀಕ್ಷೆ ಬರೆಯುವವರು ಇಲ್ಲಿ ಸ್ವಲ್ಪ ನಿಲ್ಲಿ. ಆರೋಗ್ಯ ವೃತ್ತಿಯವರ ಇಂಗ್ಲಿಷ್ ಅಳೆಯುವ ಓಇಟಿ ಪರೀಕ್ಷೆಯ ಮಾತಿನ ಭಾಗದಲ್ಲಿ ಸುಮಾರು ಐದೈದು ನಿಮಿಷದ ಎರಡು ರೋಲ್ ಪ್ಲೇ ಇರುತ್ತವೆ. ಎದುರಿಗಿರುವವರು ರೋಗಿಯ ಪಾತ್ರದಲ್ಲಿ ಕೂತಿರುತ್ತಾರೆ. ‘ಯು ಮಸ್ಟ್ ಸ್ಟಾಪ್ ಸ್ಮೋಕಿಂಗ್, ಯು ಮಸ್ಟ್ ರೆಡ್ಯೂಸ್ ಸಾಲ್ಟ್’ ಎಂದು ಸಾಲಾಗಿ ಹೇಳಿದರೆ ಬೈದಂತೆ ಕೇಳುತ್ತದೆ. ‘ಇಟ್ ವುಡ್ ಹೆಲ್ಪ್ ಇಫ್ ಯು ಕಟ್ ಡೌನ್ ಆನ್ ಸಾಲ್ಟ್’ ಎಂದು ಶುರುಮಾಡಿ, ‘ಯು ಶುಡ್’ ಎಂದು ಬಿಗಿ ಮಾಡಿ, ಜೀವಕ್ಕೆ ಸಂಬಂಧಿಸಿದಲ್ಲಿ ಮಾತ್ರ ‘ಯು ನೀಡ್ ಟು ಟೇಕ್ ದಿಸ್ ಎವ್ರಿ ಡೇ’ ಎನ್ನಿ. ನಮ್ಮ ಅಜ್ಜಿಯಂದಿರು ಮದ್ದು ಕುಡಿಸುತ್ತಿದ್ದದ್ದೂ ಇದೇ ಕ್ರಮದಲ್ಲಿ: ಮೊದಲು ಮುದ್ದು, ಆಮೇಲೆ ಮಾತು, ಕೊನೆಗೆ ಮೂಗು ಹಿಡಿಯುವುದು.

‘ಹ್ಯಾಡ್ ಬೆಟರ್’ ಎಂಬುದನ್ನು ಜೋಪಾನವಾಗಿ ಬಳಸಿ. ಹ್ಯಾಡ್ ಇದ್ದರೂ ಭೂತಕಾಲವಲ್ಲ, ಬೆಟರ್ ಇದ್ದರೂ ‘ಹೋದರೆ ಒಳ್ಳೆಯದು’ ಎಂಬಷ್ಟು ಮೆದುವಲ್ಲ. ‘ಯು ಹ್ಯಾಡ್ ಬೆಟರ್ ಗೋ’ ಅಂದರೆ ‘ಹೋಗು, ಇಲ್ಲದಿದ್ದರೆ ಮತ್ತೆ ನೋಡು’ ಎಂಬ ಬೆದರಿಕೆ ಒಳಗಿದೆ. ತಮ್ಮನಿಗೆ ಹೇಳಬಹುದು. ಮ್ಯಾನೇಜರಿಗೆ ಹೇಳಿದರೆ ನಿಮ್ಮ ಕೆಲಸಕ್ಕೆ ನೀವೇ ಹೊಣೆ.

ಇನ್ನು ನಮ್ಮ ಕನ್ನಡದ ವಿನಯದ ‘ಬೇಕು’. ‘ತಾವು ಕುಟುಂಬ ಸಮೇತ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ ವಿನಂತಿ’, ‘ಮಂಜೂರು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ’. ಇಲ್ಲಿ ‘ಬೇಕಾಗಿ’, ‘ಬೇಕೆಂದು’ ಎಂಬ ಬಾಲ ಕಂಡರೆ ಮಸ್ಟ್, ಶುಡ್, ಹ್ಯಾವ್ ಟು ಯಾವುದನ್ನೂ ಮುಟ್ಟಬೇಡಿ. ಅದು ಕೋರಿಕೆ. ‘ಐ ರಿಕ್ವೆಸ್ಟ್ ಯು ಟು ಸ್ಯಾಂಕ್ಷನ್’, ಅಥವಾ ಇನ್ನೂ ಹಗುರವಾಗಿ ‘ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕುಡ್ ಸ್ಯಾಂಕ್ಷನ್’. ‘ಕೈಂಡ್ಲಿ ಡು ದ ನೀಡ್‌ಫುಲ್’ ಎಂದು ಪತ್ರ ಮುಗಿಸುವ ಅಭ್ಯಾಸ ನಮ್ಮ ದೇಶದ ಕಚೇರಿಗಳಲ್ಲಿ ಗಟ್ಟಿಯಾಗಿದೆ, ಊರೊಳಗೆ ನಡೆಯುತ್ತದೆ, ಹೊರದೇಶದವರು ಹುಬ್ಬೇರಿಸುತ್ತಾರೆ. ಏನು ಮಾಡಬೇಕೋ ಅದನ್ನೇ ಹೆಸರಿಸಿ ಕೇಳುವುದು ಜಾಣತನ.

ಆರನೆಯ ಹೆಜ್ಜೆ: ಕಳೆದುಹೋದ ‘ಬೇಕು’

ಇದು ಕಷ್ಟ ಎಂದು ಎಲ್ಲರೂ ಹೆದರುವ ಭಾಗ. ಆದರೆ ಕನ್ನಡ ನಮಗೆ ಇಲ್ಲಿ ಇಂಗ್ಲಿಷಿಗಿಂತ ಚೆನ್ನಾಗಿ ದಾರಿ ಮಾಡಿಕೊಟ್ಟಿದೆ. ‘ಹೋಗಬೇಕಾಯಿತು’ ಮತ್ತು ‘ಹೋಗಬೇಕಿತ್ತು’ ಎರಡನ್ನೂ ಪಕ್ಕಪಕ್ಕ ಇಡಿ. ಬೇಕಾಯಿತು ಅಂದರೆ ಹೋದೆ, ಇಷ್ಟವಿಲ್ಲದಿದ್ದರೂ ಹೋದೆ. ಬೇಕಿತ್ತು ಅಂದರೆ ಹೋಗಲಿಲ್ಲ, ಈಗ ಕೊರಗುತ್ತಿದ್ದೇನೆ. ಮೊದಲನೆಯದು ‘ಐ ಹ್ಯಾಡ್ ಟು ಗೋ’. ಎರಡನೆಯದು ‘ಐ ಶುಡ್ ಹ್ಯಾವ್ ಗಾನ್’. ಹ್ಯಾವ್ ಮುಂದೆ ಕ್ರಿಯಾಪದದ ಮೂರನೆಯ ರೂಪ ಬರಬೇಕು: ಗಾನ್, ಟೇಕನ್, ರಿಟನ್.

‘ಹೋಗಬಾರದಿತ್ತು’ ಅಂದರೆ ಹೋಗಿ ಕೆಟ್ಟೆ: ‘ಐ ಶುಡಂಟ್ ಹ್ಯಾವ್ ಗಾನ್’. ‘ಹೋಗಬೇಕಾಗಿ ಬರಲಿಲ್ಲ’ ಅಂದರೆ ಪ್ರಸಂಗವೇ ಒದಗಲಿಲ್ಲ: ‘ಐ ಡಿಡಂಟ್ ಹ್ಯಾವ್ ಟು ಗೋ’. ಹೋಗಿ ಬಂದ ಮೇಲೆ ‘ಛೆ, ಸುಮ್ಮನೆ ಹೋದದ್ದು’ ಅನಿಸಿದರೆ ‘ಐ ನೀಡಂಟ್ ಹ್ಯಾವ್ ಗಾನ್’. ಜೂನ್ ತಿಂಗಳೆಂದು ಕೊಡೆ ಹಿಡಿದು ಮಂಗಳೂರಿಗೆ ಹೋಗಿ, ಒಂದು ಹನಿ ಬೀಳದೆ, ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನೇ ಬಿಟ್ಟುಬಂದವನು ಹೇಳಬೇಕಾದ ವಾಕ್ಯ: ‘ಐ ನೀಡಂಟ್ ಹ್ಯಾವ್ ಟೇಕನ್ ದ ಅಂಬ್ರೆಲಾ.’

‘ಎಂಟು ಗಂಟೆಗೆ ಬಸ್ ಬರಬೇಕಿತ್ತು’ ಎಂಬಲ್ಲಿ ಕೊರಗುವುದು ನಾವು, ಬಸ್ ಅಲ್ಲ. ಇಂಥ ಕಡೆ, ಅಂದರೆ ಮೊದಲೇ ನಿಗದಿಯಾದದ್ದು ನಡೆಯದಿದ್ದಾಗ, ‘ಸಪೋಸ್ಡ್ ಟು’: ‘ದ ಬಸ್ ವಾಸ್ ಸಪೋಸ್ಡ್ ಟು ಕಮ್ ಅಟ್ ಎಯ್ಟ್.’ ಇನ್ನೂ ಕಾಯುತ್ತಿದ್ದರೆ ‘ಇಸ್ ಸಪೋಸ್ಡ್ ಟು’. ನಮ್ಮ ಒಳದಾರಿಗಳಲ್ಲಿ ಓಡಾಡುವವರಿಗೆ ಈ ವಾಕ್ಯ ದಿನಕ್ಕೊಂದು ಸಲ ಬೇಕಾಗುತ್ತದೆ.

ಕೊನೆಗೊಂದು ಊಹೆಯ ‘ಬೇಕು’. ‘ಅವನು ಇಷ್ಟು ಹೊತ್ತಿಗೆ ಕುಂಬಳೆ ದಾಟಿರಬೇಕು.’ ಕಟ್ಟುಪಾಡಲ್ಲ, ಲೆಕ್ಕಾಚಾರ. ಊಹೆಯ ಈ ‘ಇರಬೇಕು’ ಎಂಬ ಬಾಲಕ್ಕೆ ಕಣ್ಣು ಮುಚ್ಚಿ ಮಸ್ಟ್ ಹಾಕಿ: ‘ಹಿ ಮಸ್ಟ್ ಹ್ಯಾವ್ ಕ್ರಾಸ್ಡ್ ಕುಂಬಳೆ ಬೈ ನವ್.’ ಎಷ್ಟೋ ದೂರದ ಎರಡು ಭಾಷೆಗಳು ಒಂದೇ ಪದದಲ್ಲಿ ಒತ್ತಾಯವನ್ನೂ ಊಹೆಯನ್ನೂ ಇಟ್ಟುಕೊಂಡಿರುವುದು ನನಗೆ ಇಂದಿಗೂ ಸೋಜಿಗ. ‘ದಾಟಿರಲು ಸಾಧ್ಯವೇ ಇಲ್ಲ’ ಎನ್ನುವಾಗ ಮಾತ್ರ ಮಸ್ಟ್ ನಾಟ್ ಅಲ್ಲ, ‘ಕಾಂಟ್ ಹ್ಯಾವ್ ಕ್ರಾಸ್ಡ್’.

ಏಳನೆಯ ಹೆಜ್ಜೆ: ತೋಟದಲ್ಲಿ ಪರೀಕ್ಷೆ

ಅಭ್ಯಾಸಕ್ಕೆ ಪುಸ್ತಕದ ವಾಕ್ಯ ಬೇಡ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕೆಲಸವನ್ನು, ಅದು ಗೊತ್ತಿಲ್ಲದ ಒಬ್ಬರಿಗೆ ಇಂಗ್ಲಿಷಿನಲ್ಲಿ ವಿವರಿಸಿ. ನನಗೆ ಈ ಉಪಾಯ ಹೊಳೆದದ್ದು ದುಬೈಯಲ್ಲಿ ಬೆಳೆದ ಅಕ್ಕನ ಮಗ ಮಳೆಗಾಲದ ಮುಂಚೆ ಮನೆಗೆ ಬಂದಾಗ. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಬೋರ್ಡೋ ಎಂಬ ಮದ್ದು ಬಿಡುವ, ಅಂದರೆ ಸಿಂಪಡಿಸುವ, ಹೊತ್ತು. ಅವನಿಗೆ ಕನ್ನಡ ಅರ್ಥವಾಗುತ್ತದೆ, ಕೆಲಸದ ಮಾತು ಅರ್ಥವಾಗುವುದಿಲ್ಲ.

‘ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಡಬೇಕು.’ ಯಾರು ಬಿಡಬೇಕು ಎಂದು ಇಲ್ಲ, ಮರಕ್ಕೆ ಆಗಬೇಕಾದದ್ದು ಮುಖ್ಯ. ಇಂಥಲ್ಲಿ ನೀಡ್ ಮುಂದೆ ಇಂಗ್: ‘ದ ಪಾಮ್ಸ್ ನೀಡ್ ಸ್ಪ್ರೇಯಿಂಗ್ ಬಿಫೋರ್ ದ ರೇನ್ಸ್.’ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ‘ಯು ಹ್ಯಾವ್ ಟು ಡಿಸಾಲ್ವ್ ದೆಮ್ ಸೆಪರೇಟ್ಲಿ’, ಬೇರೆಬೇರೆಯಾಗಿ ಕರಗಿಸಬೇಕು, ಇದು ಕೆಲಸದ ಕ್ರಮ. ‘ಯು ಮಸ್ಟ್ ನಾಟ್ ಯೂಸ್ ಆನ್ ಐರನ್ ಡ್ರಮ್’, ಕಬ್ಬಿಣದ ಡ್ರಮ್ ಬಲ್ಲಿ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯಬೇಕು, ಉಲ್ಟಾ ಅಲ್ಲ. ಇಲ್ಲಿ ಅವನಿಗೆ ಒತ್ತಿ ಹೇಳಿದೆ, ಹಾಗಾಗಿ ಮಸ್ಟ್: ‘ಯು ಮಸ್ಟ್ ಪೋರ್ ದಿಸ್ ಇಂಟು ದಟ್.’

ದ್ರಾವಣ ಆಕಾಶನೀಲಿ ಬಂತು. ಒಂದು ಹೊಳೆಯುವ ಚಾಕುವನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿತ್ತು. ಅವನು ‘ಈಸ್ ದಟ್ ಗುಡ್?’ ಅಂತ ಕೇಳಿದ. ಒಳ್ಳೆಯದಲ್ಲ, ಸುಣ್ಣ ಸಾಲದು: ‘ನೋ, ವಿ ವಿಲ್ ಹ್ಯಾವ್ ಟು ಆಡ್ ಮೋರ್ ಲೈಮ್.’ ಹಾಗೇ ‘ಐ ಶುಡ್ ಹ್ಯಾವ್ ಚೆಕ್ಡ್ ದ ಲೈಮ್’ ಎಂದು ನನಗೆ ನಾನೇ ಹೇಳಿಕೊಂಡೆ, ಹಳೆಯ ಸುಣ್ಣ ಸತ್ವ ಬಿಟ್ಟಿರಬೇಕು, ‘ಇಟ್ ಮಸ್ಟ್ ಹ್ಯಾವ್ ಗಾನ್ ಬ್ಯಾಡ್’. ಎರಡನೆಯ ಸಲ ಬಿಡುವುದು 40–45 ದಿನ ಕಳೆದು, ಅದನ್ನು ಸಲಹೆಯಾಗಿ ಹೇಳುವಾಗ ‘ಯು ಶುಡ್ ಸ್ಪ್ರೇ ಎಗೇನ್’.

ಅವನು ತಲೆ ಎತ್ತಿ ಅಡಿಕೆ ಮರದ ತುದಿ ನೋಡಿದ. ಮುಖ ಬಿಳಿಚಿತು. ‘ಮಾಮ, ಡು ಐ ಹ್ಯಾವ್ ಟು ಕ್ಲೈಂಬ್?’ ಅಂದ. ‘ಮಸ್ಟ್ ಐ’ ಅನ್ನಲಿಲ್ಲ, ‘ಶುಡ್ ಐ’ ಅನ್ನಲಿಲ್ಲ ಎಂಬುದನ್ನು ಗಮನಿಸಿ. ‘ಶುಡ್ ಐ ಕ್ಲೈಂಬ್?’ ಅಂದಿದ್ದರೆ ‘ಹತ್ಲಾ?’ ಎಂಬ ಉಮೇದು ಇರುತ್ತಿತ್ತು. ‘ಡು ಐ ಹ್ಯಾವ್ ಟು’ ಎಂಬಲ್ಲಿ ‘ಅಯ್ಯೋ, ಹತ್ತಬೇಕಾ?’ ಎಂಬ ಅಳು ಇದೆ.

ನೆಲದಲ್ಲೇ ನಿಂತು ಮದ್ದು ಬಿಡಲೆಂದು ಗೋಡೆಗೆ ಒರಗಿಸಿದ್ದ ಉದ್ದದ ಕಾರ್ಬನ್ ಫೈಬರ್ ದೋಟಿ ತೋರಿಸಿ ಹೇಳಿದೆ: ‘ನೋ, ಯು ಡೋಂಟ್ ಹ್ಯಾವ್ ಟು. ಬಟ್ ಯು ಮಸ್ಟ್ ಹೋಲ್ಡ್ ದಿಸ್ ಸ್ಟ್ರೇಟ್.’